ಹೊಳೆದಂಡೆಯ ಡಬ್ಬಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಜಿಯೋಕ್ಯಾಶಿಂಗ್ ಬಗ್ಗೆ ಅರ್ಧ ಪುಟದ ಟಿಪ್ಪಣಿ ಬಂದದ್ದೇ ತಡ, ಕಾರವಾರದಿಂದ ಹೊನ್ನಾವರದವರೆಗೆ, ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಅದನ್ನು ಓದದವರಿಗಾಗಿ ಎರಡು ಮಾತು. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಅಡಗಿಸಿ ಅದರ ಅಕ್ಷಾಂಶ ರೇಖಾಂಶವನ್ನು ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಫೋನು ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು, ತಾರೀಕು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಆಟ ಇಷ್ಟೇ. ಡಬ್ಬಿಗೆ ಆಟದವರು ‘ಕ್ಯಾಶ್’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ದುಡ್ಡಿನಂತೆ ಕೇಳಿಸುವುದರಿಂದ ಇಲ್ಲಿ ಡಬ್ಬಿ ಎಂದೇ ಬರೆದಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗಳು ಆಕ್ಸ್‌ಫರ್ಡಿನಲ್ಲಿದ್ದಾಳೆ. ಜೂನ್‌ನಲ್ಲಿ ಎರಡು ತಿಂಗಳ ಮಟ್ಟಿಗೆ ಹೊರಟಿದ್ದೇವೆ. ಅವಳು ಕೆಲಸಕ್ಕೆ ಹೋದ ಮೇಲೆ ನೀವಿಬ್ಬರೂ ಡಾರ್ಚೆಸ್ಟರ್-ಆನ್-ಥೇಮ್ಸ್‌ನಂಥ ಹಳ್ಳಿಗಳಲ್ಲಿ ಡಬ್ಬಿ ಹುಡುಕುತ್ತ ತಿರುಗಾಡಿ ಎನ್ನುತ್ತಾಳೆ. ಅರವತ್ತು ದಾಟಿದವರಿಗೆ ಆದೀತೇ? ತಯಾರಿ ಏನು?
— ನಿವೃತ್ತ ಶಿಕ್ಷಕ ದಂಪತಿ, ಶಿರಸಿ

ಉತ್ತರ: ಧಾರಾಳವಾಗಿ ಆದೀತು. ಬೆಟ್ಟ ತೋಟ ಹತ್ತಿಳಿದ ಕಾಲಿಗೆ ಅದು ಸಪಾಟು ನೆಲ. ಆಕ್ಸ್‌ಫರ್ಡಿನಿಂದ ಆಗ್ನೇಯಕ್ಕೆ ಸುಮಾರು 14 ಕಿ.ಮೀ. ದೂರದಲ್ಲಿ, ಥೇಮ್ ಎಂಬ ಚಿಕ್ಕ ಹೊಳೆ ಥೇಮ್ಸ್ ನದಿಯನ್ನು ಸೇರುವ ಜಾಗದ ಪಕ್ಕದ ಊರು ಅದು. ರೋಮನ್ನರ ಕಾಲದಲ್ಲೇ ಪಟ್ಟಣವಾಗಿತ್ತು. ಕ್ರಿ.ಶ. 635ರಲ್ಲಿ ಬಿರಿನಸ್ ಎಂಬ ಧರ್ಮಪ್ರಚಾರಕ ವೆಸೆಕ್ಸಿನ ಅರಸ ಸಿನೆಗಿಲ್ಸ್‌ಗೆ ದೀಕ್ಷಾಸ್ನಾನ ಮಾಡಿಸಿದ್ದು ಇಲ್ಲೇ. 12ನೇ ಶತಮಾನದಲ್ಲಿ ಸ್ಥಾಪನೆಯಾದ ಮಠದ ಚರ್ಚು ಊರ ನಡುವೆಯೇ ಇದೆ. ಅಲ್ಲಿಂದ ಹೊಲಗಳ ಕಡೆ ನಡೆದರೆ ಡೈಕ್ ಹಿಲ್ಸ್ ಎಂಬ ಕಬ್ಬಿಣಯುಗದ ಜೋಡಿ ಮಣ್ಣಿನ ದಿಬ್ಬ. ಅದರಾಚೆ ಥೇಮ್ಸ್ ನದಿ, ಡೇಸ್ ಲಾಕ್ ಎಂಬ ದೋಣಿಗಟ್ಟೆ, ನದಿಯಾಚೆ ವಿಟನ್‌ಹ್ಯಾಮ್ ಕ್ಲಂಪ್ಸ್ ಗುಡ್ಡ.

ಮನೆಯಿಂದ ಹೊರಡುವ ಮೊದಲೇ, ವೈಫೈ ಇರುವಾಗ, ಆಟದ ಆ್ಯಪ್‌ನಲ್ಲಿ ಖಾತೆ ತೆರೆದು ಆ ಊರಿನ ನಕ್ಷೆಯನ್ನೂ ಡಬ್ಬಿಗಳ ವಿವರವನ್ನೂ ಇಳಿಸಿಕೊಳ್ಳಿ. ಪ್ರತಿ ಡಬ್ಬಿಗೂ ಎರಡು ಅಂಕಗಳಿರುತ್ತವೆ. ‘ಡಿ’ ಎಂದರೆ ಹುಡುಕುವುದು ಎಷ್ಟು ಕಷ್ಟ, ‘ಟಿ’ ಎಂದರೆ ಅಲ್ಲಿಗೆ ತಲುಪುವುದು ಎಷ್ಟು ಕಷ್ಟ. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದ ಹೆಚ್ಚಳದಲ್ಲಿ. ಮೊದಲ ವಾರ ಎರಡೂ 2ರೊಳಗೆ ಇರುವುದನ್ನಷ್ಟೇ ಆರಿಸಿ. ಟಿ 5 ಎಂದರೆ ದೋಣಿಯೋ ಹಗ್ಗವೋ ಬೇಕು. ಗಾತ್ರವನ್ನೂ ನೋಡಿ: 10 ಮಿ.ಲೀ.ಗಿಂತ ಚಿಕ್ಕದು ನ್ಯಾನೊ, 100 ಮಿ.ಲೀ.ಗಿಂತ ಚಿಕ್ಕದು ಮೈಕ್ರೊ, 100 ಮಿ.ಲೀ.ನಿಂದ 1 ಲೀಟರ್ ತನಕ ಸ್ಮಾಲ್, ಅಲ್ಲಿಂದ 20 ಲೀಟರ್ ತನಕ ರೆಗ್ಯುಲರ್. ನ್ಯಾನೊ ಎಂದರೆ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ಅಯಸ್ಕಾಂತದಿಂದ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ಕನ್ನಡಕ ಹಾಕುವವರು ಮೊದಲ ದಿನವೇ ಅದರ ಹಿಂದೆ ಬಿದ್ದರೆ ಆಟದ ಮೇಲೇ ಬೇಸರ ಬರುತ್ತದೆ.

ಹೊಲದ ನಡುವಿನ ಕಾಲುದಾರಿ ಕಂಡು ಹಿಂಜರಿಯಬೇಡಿ. ಹಳದಿ ಬಾಣದ ಗುರುತು ಇದ್ದರೆ ಅದು ಸಾರ್ವಜನಿಕ ಕಾಲುದಾರಿ. ಖಾಸಗಿ ಹೊಲವಾದರೂ ನಡೆಯುವ ಹಕ್ಕು ನಿಮಗುಂಟು. ನೀಲಿ ಬಾಣದ ದಾರಿಯಲ್ಲಿ ಕುದುರೆ, ಸೈಕಲ್ ಕೂಡ ಬರುತ್ತವೆ. ದಾರಿಯಲ್ಲಿ ಸಿಗುವ ಮರದ ಗೇಟು, ಬೇಲಿ ದಾಟುವ ಮೆಟ್ಟಿಲುಗಳು ನಮ್ಮ ದಣಪೆ, ತಡಮೆಗಳ ಬಂಧುಗಳೇ. ತೆರೆದಿದ್ದನ್ನು ತೆರೆದೇ ಬಿಡಿ, ಮುಚ್ಚಿದ್ದನ್ನು ಮುಚ್ಚಿ. ದನ ಇರುವ ಹುಲ್ಲುಗಾವಲಿನಲ್ಲಿ ಕರು ಮತ್ತು ತಾಯಿಯ ನಡುವೆ ಹಾಯಬೇಡಿ.

ಡಬ್ಬಿಗಳು ಸಾಮಾನ್ಯವಾಗಿ ಇರುವುದು ಬೆಂಚಿನ ಅಡಿಯಲ್ಲಿ, ಗೇಟಿನ ಕಂಬದ ಹಿಂದೆ, ಮರದ ಬುಡದ ಪೊಟರೆಯಲ್ಲಿ, ಕಾಲುಸೇತುವೆಯ ಕಬ್ಬಿಣದ ಒಳಮೈಯಲ್ಲಿ, ಬಳ್ಳಿ ಹಬ್ಬಿದ ಕಾಂಡದ ಹಿಂದೆ. ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಪಾಗಾರದ ಕಲ್ಲನ್ನು ಮಾತ್ರ ಅಲ್ಲಾಡಿಸಬೇಡಿ. ಅಂಥ ಪಾಗಾರದಲ್ಲಿ ಡಬ್ಬಿ ಇಡುವುದಕ್ಕೆ ಬ್ರಿಟನ್ನಿನ ನಿಯಮವೇ ಒಪ್ಪುವುದಿಲ್ಲ, ಹಾಗಾಗಿ ಅಲ್ಲಿ ಇರುವುದೂ ಇಲ್ಲ. ಡೈಕ್ ಹಿಲ್ಸ್ ರಕ್ಷಿತ ಸ್ಮಾರಕ. ನಡೆದಾಡಿ, ಕೆದಕಬೇಡಿ. ಚರ್ಚುಗಳಿಗೆ ಸಂಬಂಧಿಸಿದ ‘ಚರ್ಚ್ ಮೈಕ್ರೊ’ ಎಂಬ ಸರಣಿಯೇ ಆ ದೇಶದಲ್ಲಿದೆ. ಸಮಾಧಿಕಲ್ಲಿನ ಮೇಲೊ ಫಲಕದ ಮೇಲೊ ಇರುವ ಇಸವಿ ಓದಿ ಲೆಕ್ಕ ಹಾಕಿದರೆ ಮುಂದಿನ ಜಾಗ ಸಿಗುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ, ಶವಸಂಸ್ಕಾರ ನಡೆಯುವಾಗ ಆ ಆವರಣಕ್ಕೆ ಕಾಲಿಡದಿರುವುದೇ ಲೇಸು.

ಜೂನ್‌ನಲ್ಲಿ ಸಂಜೆ 9 ಗಂಟೆ ದಾಟಿದರೂ ಬೆಳಕಿರುತ್ತದೆ, ಅವಸರ ಬೇಡ. ಆದರೆ ಅದೇ ತಿಂಗಳಲ್ಲಿ ತುರಚಿ ಗಿಡ ಎದೆಯೆತ್ತರ ಬೆಳೆದಿರುತ್ತದೆ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಒಂದು ಊರುಗೋಲು ಇರಲಿ. ಹುಲ್ಲಿನಲ್ಲಿ ಉಣುಗು ಇರುತ್ತದೆ, ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಮನೆಗೆ ಬಂದು ಮೊಣಕಾಲಿನ ಹಿಂಭಾಗ ನೋಡಿಕೊಳ್ಳಿ. ಕೈಚೀಲದಲ್ಲಿ ಎರಡು ಪೆನ್ಸಿಲ್, ಚಿಕ್ಕ ಟಾರ್ಚು, ಸುತ್ತಿಕೊಂಡ ಚೀಟಿಯನ್ನು ಎಳೆಯಲು ಚಿಮುಟ, 10,000 ಎಂಎಎಚ್‌ನ ಪವರ್ ಬ್ಯಾಂಕ್ ಸಾಕು.

ಕೊನೆಯದೊಂದು ಮುಖ್ಯ ಮಾತು. ಡಬ್ಬಿಯ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಕೈಯಾರೆ ತುಂಬುವುದಾದರೆ ರೇಖಾಂಶಕ್ಕೆ ‘ಪೂರ್ವ’ ಎಂದು ಒತ್ತುವ ನಮ್ಮ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಆಕ್ಸ್‌ಫರ್ಡಿನ ಕಡೆ ಗ್ರೀನಿಚ್‌ಗಿಂತ ಪಶ್ಚಿಮಕ್ಕಿದೆ. ಪೂರ್ವ ಎಂದು ಒತ್ತಿದರೆ ಆ್ಯಪ್‌ನಲ್ಲಿ ದಾರಿ ತೋರುವ ಬಾಣ ಸುಮಾರು 160 ಕಿ.ಮೀ. ಆಚೆಯ ಕಡಲನ್ನು ತೋರಿಸುತ್ತದೆ.

ಪ್ರಶ್ನೆ: ಒಂದು ತಾಸು ಹುಡುಕಿದರೂ ಸಿಗಲಿಲ್ಲ. ಹತ್ತಿರ ಹೋದಂತೆ ಬಾಣ ಗಿರಗಿರ ತಿರುಗುತ್ತದೆ. ಫೋನು ಕೆಟ್ಟಿದೆಯೇ?
— ಪದವಿ ವಿದ್ಯಾರ್ಥಿ, ಕೋಡಿಬಾಗ, ಕಾರವಾರ

ಉತ್ತರ: ಫೋನು ಸರಿಯಾಗಿಯೇ ಇದೆ. ಬಯಲಿನಲ್ಲಿ ಫೋನಿನ ಅಂದಾಜು 3ರಿಂದ 5 ಮೀಟರ್ ಆಚೀಚೆ. ದಟ್ಟ ಮರದಡಿ, ಎತ್ತರದ ಚಿರೆಕಲ್ಲು ಗೋಡೆಯ ಪಕ್ಕ ಅದು 10–15 ಮೀಟರ್ ತಪ್ಪುವುದು ಮಾಮೂಲು, ಯಾಕೆಂದರೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಡಬ್ಬಿ ಇಟ್ಟವರ ಫೋನೂ ಅಷ್ಟೇ ತಪ್ಪಿರಬಹುದು. ಎರಡು ತಪ್ಪೂ ಒಂದೇ ದಿಕ್ಕಿನಲ್ಲಿರಬೇಕೆಂದಿಲ್ಲ. ಹಾಗಾಗಿ ಬಾಣ 10 ಮೀಟರ್ ಎಂದು ತೋರಿಸಿದ ಕೂಡಲೆ ಫೋನನ್ನು ಕಿಸೆಗೆ ಹಾಕಿ ಕಣ್ಣಿಂದ ಹುಡುಕಬೇಕು. ಹೆಚ್ಚಿನವರು ಸೋಲುವುದು ಇಲ್ಲೇ, ಬಾಣದ ಹಿಂದೆ ಸುತ್ತುತ್ತ.

ನಿಂತಲ್ಲಿ ಬಾಣ ತಿರುಗಲು ಇನ್ನೊಂದು ಕಾರಣ ದಿಕ್ಸೂಚಿ. ಫೋನಿನ ಕವರಿನಲ್ಲಿ ಅಯಸ್ಕಾಂತದ ಗುಂಡಿ ಇದ್ದರೆ ತೆಗೆಯಿರಿ. ಗಾಳಿಯಲ್ಲಿ ಎಂಟರ ಆಕಾರದಲ್ಲಿ ಫೋನನ್ನು ಮೂರ್ನಾಲ್ಕು ಸಲ ತಿರುಗಿಸಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗೆ ನಿಖರ ಸ್ಥಳದ ಅನುಮತಿ ಕೊಟ್ಟಿದೆಯೇ, ಬ್ಯಾಟರಿ ಉಳಿಸುವ ಮೋಡ್ ಬಂದ್ ಆಗಿದೆಯೇ ನೋಡಿ. ಆಮೇಲೆ ‘ಇಲ್ಲಿ ನಾನಾದರೆ ಎಲ್ಲಿ ಇಡುತ್ತಿದ್ದೆ’ ಎಂದು ಯೋಚಿಸಿ. ಸಾಲಾಗಿ ಜೋಡಿಸಿದಂತಿರುವ ಕಡ್ಡಿಗಳು, ಸುತ್ತ ಪಾಚಿ ಇದ್ದರೂ ತಾನು ಮಾತ್ರ ಒಣಗಿದ ಕಲ್ಲು, ಯಾವ ಕೆಲಸಕ್ಕೂ ಬೇಡದ ಬೋಲ್ಟು: ಡಬ್ಬಿ ಅಡಗುವುದು ಇಂಥ ಕಡೆಯೇ. ಡಬ್ಬಿಯ ಪುಟದ ಸುಳಿವು ಅಕ್ಷರ ಅದಲು-ಬದಲಾಗಿ ಇರುತ್ತದೆ, ಒಂದು ಒತ್ತಿಗೆ ಬಿಡಿಸಿಕೊಳ್ಳುತ್ತದೆ. ನೋಡಿದರೆ ಅವಮಾನವೇನಿಲ್ಲ.

ನಮ್ಮ ಜಿಲ್ಲೆಯಲ್ಲಿ ಕೈ ಮೊದಲು ಹೋಗಬಾರದು, ಕೋಲು ಮೊದಲು ಹೋಗಬೇಕು. ಚಿರೆಕಲ್ಲಿನ ಸಂದು, ತರಗೆಲೆಯ ಗುಪ್ಪೆ ಹಾವಿಗೂ ಇಷ್ಟದ ಜಾಗ. ಟಾರ್ಚು ಬಿಟ್ಟು ನೋಡಿ, ಕೋಲಿನಿಂದ ಸರಿಸಿ, ಆಮೇಲೆ ಕೈ. ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ದಾಖಲಿಸಿ. ಸಾಲಾಗಿ ಎರಡು ಮೂರು ಮಂದಿ ಹಾಗೆ ಬರೆದಾಗಲೇ ಇಟ್ಟವರಿಗೆ ಡಬ್ಬಿ ಹೋಗಿದೆ ಎಂದು ಗೊತ್ತಾಗುವುದು.

ಪ್ರಶ್ನೆ: ಮನೆಯ ಹತ್ತಿರ ಒಂದು ಡಬ್ಬಿ ಇಡಬೇಕೆಂದಿದ್ದೇನೆ. ನಮ್ಮ ಮಳೆಗೆ ಯಾವ ಡಬ್ಬಿ ತಾಳುತ್ತದೆ?
— ಸ್ಟೇಷನರಿ ಅಂಗಡಿಯವರು, ಕುಮಟಾ

ಉತ್ತರ: ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕರಾವಳಿಯಲ್ಲಿ ಅರ್ಧಕ್ಕರ್ಧ ಡಬ್ಬಿಗಳು ಹಾಳಾಗುವುದು ಕಳ್ಳರಿಂದಲ್ಲ, ತೇವದಿಂದ. ನಾಲ್ಕೂ ಬದಿ ಕ್ಲಿಪ್ ಇರುವ, ಮುಚ್ಚಳದಲ್ಲಿ ಸಿಲಿಕೋನ್ ರಬ್ಬರಿನ ಬಳೆ ಇರುವ 300–500 ಮಿ.ಲೀ. ಊಟದ ಡಬ್ಬಿ ಒಳ್ಳೆಯದು. ಕೊಳ್ಳುವಾಗ ಬಳೆಯನ್ನು ಉಗುರಿನಿಂದ ಎತ್ತಿ ನೋಡಿ. ಹೊರತೆಗೆದು ತೊಳೆಯಲು ಬರುವಂಥದ್ದೇ ಬೇಕು. ಮನೆಗೆ ತಂದು ಒಳಗೆ ಒಣ ಟಿಶ್ಯೂ ಕಾಗದ ತುಂಬಿ, ಮುಚ್ಚಿ, ಬಕೆಟ್ ನೀರಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿ. 24 ತಾಸಿನ ನಂತರ ಕಾಗದ ಗರಿಗರಿಯಾಗಿದ್ದರೆ ಆ ಡಬ್ಬಿ ಪಾಸು. ಒಂದು ಮೂಲೆ ತಂಪಾಗಿದ್ದರೂ ಅದನ್ನು ಅವಲಕ್ಕಿಗೆ ಇಟ್ಟುಕೊಳ್ಳಿ.

ಪಾಸಾದ ಡಬ್ಬಿಯೂ ಸೋಲುವುದು ಸಾಮಾನ್ಯವಾಗಿ ಚೀಟಿಯಿಂದ. ಹುಡುಕಿದವರು ಅವಸರದಲ್ಲಿ ಮುಚ್ಚುವಾಗ ಚೀಟಿಯ ಅಂಚೋ ಜಿಪ್ ಚೀಲದ ತುದಿಯೋ ರಬ್ಬರ್ ಬಳೆಯ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿಂದ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಒಳಕ್ಕೆ ಏರುತ್ತದೆ. ಅದಕ್ಕೆ ಚೀಟಿ ಡಬ್ಬಿಗಿಂತ ಎರಡು ಬೆರಳು ಚಿಕ್ಕದಿರಲಿ, ಚೀಲವೂ ಅಷ್ಟೇ. ಎರಡನೆಯ ತೊಂದರೆ ಒಳಗಿನ ಹವೆ. ಜುಲೈಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಜುಲೈಯೇ ಇರುತ್ತದೆ, ರಾತ್ರಿ ತಣಿದಾಗ ಹನಿಗಟ್ಟುತ್ತದೆ. ಜನವರಿ–ಫೆಬ್ರವರಿಯ ಒಣ ಮಧ್ಯಾಹ್ನ ತುಂಬಿ, 5 ಗ್ರಾಂನ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲ ಮುಗಿದ ಮೇಲೆ ಬದಲಿಸಿ. ಪೆನ್ಸಿಲ್ಲೇ ಇರಲಿ. ಬಾಲ್‌ಪೆನ್ನಿನ ಶಾಯಿ ಒಂದೋ ಒಣಗುತ್ತದೆ, ಇಲ್ಲ ಸೋರುತ್ತದೆ.

ಚಿಕ್ಕದು ಬೇಕೆಂದರೆ ತಂಪುಪಾನೀಯದ ಬಾಟಲಿ ಊದುವ ಮುಂಚಿನ ದಪ್ಪ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ, ತಿರುಪಿನ ಮುಚ್ಚಳದ್ದು. ಅದಕ್ಕೆ ಸಮನಾದದ್ದು ಇಲ್ಲ. ಹಳೆಯ ಫಿಲ್ಮ್ ರೋಲಿನ ಡಬ್ಬಿ ಖಂಡಿತ ಬೇಡ, ಅದರ ಮುಚ್ಚಳ ಮೊದಲ ಮಳೆಗೇ ನೀರು ಬಿಡುತ್ತದೆ. ಕಬ್ಬಿಣದ ಪೆಟ್ಟಿಗೆ ಕಡಲಗಾಳಿಗೆ ಬೇಗ ತುಕ್ಕು ಹಿಡಿದು ಮುಚ್ಚಳವೇ ಬಿಗಿದುಕೊಳ್ಳುತ್ತದೆ. ಅಯಸ್ಕಾಂತ ಅಂಟಿಸುವುದಾದರೆ ಅದನ್ನು ಪೂರ್ತಿಯಾಗಿ ಎಂ-ಸೀಲ್‌ನಲ್ಲಿ ಮುಚ್ಚಿ. ಮೇಲಿನ ನಿಕಲ್ ಲೇಪ ಉಪ್ಪಿಗೆ ಸುಲಿದರೆ ಒಳಗಿನದು ಪುಡಿಪುಡಿ. ಸ್ಟೇನ್‌ಲೆಸ್ ಸ್ಟೀಲಿನ ರೇಲಿಂಗ್‌ಗೆ ಹೆಚ್ಚಾಗಿ ಅಯಸ್ಕಾಂತ ಹಿಡಿಯುವುದೇ ಇಲ್ಲ, ಮೊದಲೇ ಪರೀಕ್ಷಿಸಿ.

ಜಾಗದ ಯಜಮಾನರ ಸ್ಪಷ್ಟ ಅನುಮತಿ ಇಲ್ಲದೆ ನೆಲ ಅಗೆದು ಇಡುವುದಕ್ಕೆ ಆಟದ ನಿಯಮದಲ್ಲೇ ಅವಕಾಶವಿಲ್ಲ. ತಿಂಡಿ, ಚಾಕಲೇಟು ಹಾಕಬೇಡಿ. ಇರುವೆ, ಮಂಗ, ಹಂದಿ ಮೂರೂ ನಿಮಗಿಂತ ಮೊದಲು ಹುಡುಕುತ್ತವೆ. ನೇರ ಬಿಸಿಲು ಬೀಳುವಲ್ಲಿ ಕ್ಲಿಪ್ಪಿನ ಸಂದು ಪೆಡಸಾಗಿ ಮುರಿಯುತ್ತದೆ, ನೆರಳು ನೋಡಿ ಇಡಿ. ಮತ್ತೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು. ತಿಂಗಳಿಗೊಮ್ಮೆಯಾದರೂ ಹೋಗಿ ನೋಡುವಷ್ಟು ಹತ್ತಿರವಿರಲಿ. ಪ್ರವಾಸಕ್ಕೆ ಹೋದ ಊರಿನಲ್ಲಿ ಇಟ್ಟು ಬರುವವರ ಡಬ್ಬಿ ಆರು ತಿಂಗಳಲ್ಲಿ ಕಸವಾಗುತ್ತದೆ, ಪ್ರಕಟಿಸುವ ಮೊದಲು ಪ್ರತಿ ಡಬ್ಬಿಯ ವಿವರ ನೋಡುವ ಜಾಲತಾಣದ ಪರಿಶೀಲಕರೂ ಅದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಗಂಗಾವಳಿ ದಂಡೆಯ ನಮ್ಮ ಹಿತ್ತಲಿನಲ್ಲಿ ಡಬ್ಬಿ ಇಟ್ಟು ಅಂಕಿ ಕಳಿಸಿದೆ. ‘ಚುಕ್ಕೆ ಹೊಳೆಯ ನಡುವೆ ಬಿದ್ದಿದೆ’ ಎಂದು ಪರಿಶೀಲಕರು ಹಿಂತಿರುಗಿಸಿದ್ದಾರೆ. ಎರಡು ಫೋನಿನಲ್ಲಿ ಅಳೆದಿದ್ದೇನೆ. ನನ್ನ ಅಳತೆಯಲ್ಲಿ ಅಕ್ಷಾಂಶಕ್ಕೆ 45 ಸೆಕೆಂಡ್, ರೇಖಾಂಶಕ್ಕೆ 30 ಸೆಕೆಂಡ್ ಇತ್ತು.
— ಓದುಗರು, ಅಂಕೋಲಾ ತಾಲೂಕು

ಉತ್ತರ: ಅಳತೆ ಸರಿ, ಬರೆದ ರೀತಿ ತಪ್ಪು. ಈ ಆಟದಲ್ಲಿ ಅಂಕಿಯನ್ನು ಡಿಗ್ರಿ, ಆಮೇಲೆ ದಶಮಾಂಶದ ನಿಮಿಷದಲ್ಲಿ ಬರೆಯುತ್ತಾರೆ. ಸೆಕೆಂಡ್ ಇಲ್ಲ. ನೀವು 36 ನಿಮಿಷ 45 ಸೆಕೆಂಡನ್ನು 36.450 ಎಂದು ಬರೆದಿರಬೇಕು. 60 ಸೆಕೆಂಡಿಗೆ ಒಂದು ನಿಮಿಷ, ಆದ್ದರಿಂದ 45ನ್ನು 60ರಿಂದ ಭಾಗಿಸಿದರೆ 0.750, ಅಂದರೆ 36.750. ವ್ಯತ್ಯಾಸ 0.300 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ 1,852 ಮೀಟರ್‌ನಂತೆ ಸುಮಾರು 556 ಮೀಟರ್ ದಕ್ಷಿಣಕ್ಕೆ ಜಾರಿತು. ರೇಖಾಂಶದಲ್ಲಿ 30 ಸೆಕೆಂಡ್ ಎಂದರೆ 0.500. ನೀವು 0.300 ಎಂದು ಬರೆದಿದ್ದರೆ 0.200 ಕಡಿಮೆಯಾಯಿತು. ನಮ್ಮ ಅಕ್ಷಾಂಶದಲ್ಲಿ ರೇಖಾಂಶದ ಒಂದು ನಿಮಿಷ ಸುಮಾರು 1,790 ಮೀಟರ್, ಅಂದರೆ ಪಶ್ಚಿಮಕ್ಕೆ ಸುಮಾರು 358 ಮೀಟರ್. ಎರಡೂ ಸೇರಿ ಡಬ್ಬಿ ಇದ್ದ ಜಾಗದಿಂದ 660 ಮೀಟರ್ ದೂರ ಹೋಯಿತು. ಹೊಳೆಗೆ ಬೀಳದೆ ಇನ್ನೆಲ್ಲಿಗೆ ಬೀಳಬೇಕು?

ಫೋನಿನ ನಕ್ಷೆ 14.61250 ಎಂಬಂತೆ ಬರೀ ಡಿಗ್ರಿ ಕೊಟ್ಟರೆ, ಚುಕ್ಕೆಯ ನಂತರದ ಭಾಗವನ್ನು 60ರಿಂದ ಗುಣಿಸಿ: 0.61250 ಗುಣಿಸು 60, ಬಂದದ್ದು 36.750. ಕೊನೆಯ ಅಂಕಿಯ ಬೆಲೆ ನೆನಪಿಡಿ. ಮೂರನೆಯ ದಶಮಾಂಶ ಒಂದು ತಪ್ಪಿದರೆ ಸುಮಾರು 2 ಮೀಟರ್, ಎರಡನೆಯದು ತಪ್ಪಿದರೆ 18 ಮೀಟರ್, ಮೊದಲನೆಯದು ತಪ್ಪಿದರೆ 185 ಮೀಟರ್.

ಅಳೆಯುವಾಗ ಡಬ್ಬಿಯ ಪಕ್ಕ ಫೋನನ್ನು ಆಕಾಶಕ್ಕೆ ಮುಖ ಮಾಡಿ ಐದು ನಿಮಿಷ ಬಿಡಿ. 20 ಮೀಟರ್ ದೂರ ನಡೆದು ಮತ್ತೆ ಬನ್ನಿ, ಬರೆದುಕೊಳ್ಳಿ. ಹೀಗೆ ಎಂಟು ಹತ್ತು ಸಲ, ಎರಡು ಬೇರೆ ದಿನ. ಗುಂಪಿಗೆ ಸೇರದ ಒಂದೆರಡನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಕಳಿಸುವ ಮೊದಲು ಉಪಗ್ರಹ ಚಿತ್ರದ ಮೇಲೆ ಆ ಅಂಕಿ ಹಾಕಿ ನಿಮ್ಮದೇ ಮನೆಯ ಮಾಡು ಕಾಣುತ್ತದೆಯೇ ನೋಡಿ.

ಪ್ರಶ್ನೆ: ಮಿರ್ಜಾನ ಕೋಟೆಯ ಬುರುಜಿನ ಸಂದಿನಲ್ಲಿ ಡಬ್ಬಿ ಇಟ್ಟರೆ ಎಷ್ಟು ಚೆಂದ! ಸದಾಶಿವಗಡದಲ್ಲಿ? ಬನವಾಸಿಯಲ್ಲಿ?
— ಇತಿಹಾಸಾಸಕ್ತರು, ಮಿರ್ಜಾನ

ಉತ್ತರ: ಬುರುಜಿನಲ್ಲಿ ಇಡಬೇಡಿ. ಮಿರ್ಜಾನ ಕೋಟೆ, ಬನವಾಸಿಯ ಮಧುಕೇಶ್ವರ ದೇವಸ್ಥಾನ ರಕ್ಷಿತ ಸ್ಮಾರಕಗಳು. ಡಬ್ಬಿಯಿಂದ ಹಾನಿಯಿಲ್ಲ ಎಂದು ನಿಮಗನಿಸಬಹುದು. ಹಾನಿ ಮಾಡುವುದು ಹುಡುಕುವವರು. ಅಂಕಿ 8 ಮೀಟರ್ ತಪ್ಪಿದ್ದರೆ, ಬಂದ ಹತ್ತು ಮಂದಿ ಆ 8 ಮೀಟರಿನ ಪ್ರತಿ ಸಡಿಲ ಕಲ್ಲನ್ನೂ ಎಳೆದು ನೋಡುತ್ತಾರೆ. ಪಾಚಿ ಹೋಗುತ್ತದೆ, ಸಂದಿನ ಮಣ್ಣು ಹೋಗುತ್ತದೆ, ಆಮೇಲೆ ಒಂದು ಮಳೆಗಾಲ ಸಾಕು.

ಹಾಗೆಂದು ಆಸೆ ಬಿಡಬೇಕಿಲ್ಲ. ಹಲವು ಹಂತದ ಡಬ್ಬಿ ಮಾಡಿ. ಕೋಟೆಯೊಳಗೆ ಏನನ್ನೂ ಇಡದೆ, ಅಲ್ಲಿ ಕಾಣುವುದನ್ನು ಎಣಿಸುವಂತೆ ಪ್ರಶ್ನೆ ಕೊಡಿ: ಹೆಬ್ಬಾಗಿಲಿಗೆ ಏರುವ ಮೆಟ್ಟಿಲೆಷ್ಟು, ಇಂಥ ಬಾವಿಯ ಸುತ್ತ ಕಮಾನುಗಳೆಷ್ಟು. ಉತ್ತರಗಳು ಅ, ಆ, ಇ. ಕೊನೆಯ ಡಬ್ಬಿಯ ಅಂಕಿಯ ದಶಮಾಂಶದಲ್ಲಿ ಇವನ್ನು ಕೂರಿಸಿ. ಆ ಡಬ್ಬಿ ಕೋಟೆಯ ಹೊರಗೆ, ಯಾರಾದರೂ ಒಪ್ಪಿದವರ ತೆಂಗಿನ ತೋಟದ ಬೇಲಿಯಲ್ಲಿರಲಿ. ಕಲ್ಲಿನಲ್ಲಿ ಇರುವುದನ್ನು ಮಾತ್ರ ಎಣಿಸಲು ಹೇಳಿ. ಬೆಂಚು, ಕಸದ ಬುಟ್ಟಿ, ಬಣ್ಣದ ಬೋರ್ಡು ವರ್ಷ ಕಳೆದಂತೆ ಬದಲಾಗುತ್ತವೆ. ‘ಮೂರೂ ಕೂಡಿಸಿದರೆ ಇಷ್ಟು’ ಎಂದು ತಾಳೆಯನ್ನೂ ಕೊಡಿ. ಇಲ್ಲದಿದ್ದರೆ ಮೆಟ್ಟಿಲು ಒಂದು ತಪ್ಪಿ ಎಣಿಸಿದವರು 185 ಮೀಟರ್ ಆಚೆ ಯಾರದೋ ಗಜನಿ ಗದ್ದೆ ತುಳಿಯುತ್ತಾರೆ.

ಕಾರವಾರದವರಿಗೆ ಪ್ರತ್ಯೇಕವಾಗಿ: ನೌಕಾನೆಲೆಯ ಪಾಗಾರ, ಕೈಗಾ ಸ್ಥಾವರದ ಸುತ್ತಮುತ್ತ, ಕೊಂಕಣ ರೈಲಿನ ಹಳಿ, ಕಾಳಿ ಸೇತುವೆಯ ಕೆಳಭಾಗ, ಬಂದರಿನ ಧಕ್ಕೆ, ಶಾಲೆ, ಇವುಗಳ ಬಳಿ ಡಬ್ಬಿಯ ಯೋಚನೆಯೇ ಬೇಡ. ಕಾಳಿ ಹುಲಿ ಸಂರಕ್ಷಿತ ಪ್ರದೇಶವೂ ಅಷ್ಟೇ. 2011ರ ಜುಲೈಯಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಪುಟ್ಟ ಪೇಟೆಯಲ್ಲಿ ಒಂದು ಹೋಟೆಲಿನ ಹೊರಗಿದ್ದ ಡಬ್ಬಿಯನ್ನು ಬಾಂಬೆಂದು ತಿಳಿದು ಸೇನೆಯ ತಂಡ ಬಂದು ಸ್ಫೋಟಿಸಿತ್ತು. ಅಲ್ಲೇ ಹಾಗಾದರೆ ಇಲ್ಲಿ ಹೇಗಾದೀತು? ಪಾರದರ್ಶಕ ಡಬ್ಬಿ ಬಳಸಿ. ಹೊರಗೆ ಕನ್ನಡದಲ್ಲಿ ‘ಇದು ಆಟದ ಡಬ್ಬಿ, ಅಪಾಯವಿಲ್ಲ’ ಎಂದು ಬರೆದು ಸಂಪರ್ಕಕ್ಕೆ ದಾರಿ ಕೊಡಿ.

ವಿದೇಶದಿಂದ ಬರುವ ನೆಂಟರಿಗೂ ಒಂದು ಮಾತು ಹೇಳಿಡಿ: ಸಾದಾ ಜಿಪಿಎಸ್ ಯಂತ್ರ ಪರವಾಗಿಲ್ಲ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರವನ್ನು ಪರವಾನಗಿ ಇಲ್ಲದೆ ಭಾರತಕ್ಕೆ ತಂದರೆ ಪೊಲೀಸ್ ಕೇಸಾಗುತ್ತದೆ.

ಪ್ರಶ್ನೆ: ಶಾಲ್ಮಲಾ ದಂಡೆಯಲ್ಲಿ ಹುಡುಕುತ್ತಿದ್ದಾಗ ಊರವರು ಬಂದು ‘ನಿಧಿ ಹುಡುಕ್ತಿದ್ರಾ?’ ಎಂದು ಗದರಿಸಿದರು. ಏನು ಹೇಳಬೇಕಿತ್ತು?
— ಇಬ್ಬರು ಗೆಳೆಯರು, ಸೋಂದಾ ಬಳಿಯಿಂದ

ಉತ್ತರ: ಊರವರ ಸಿಟ್ಟಿಗೆ ಕಾರಣವಿದೆ. ನಿಧಿಯಾಸೆಗೆ ಹಳೆಯ ದೇವಸ್ಥಾನದ ಪೀಠ ಕಿತ್ತ, ವೀರಗಲ್ಲು ಬುಡಮೇಲು ಮಾಡಿದ ಸುದ್ದಿ ನಮ್ಮ ನಾಡಿಗೆ ಹೊಸದಲ್ಲ. ಹಾಗಿರುವಾಗ ಪತ್ರಿಕೆಗಳೂ ಈ ಆಟವನ್ನು ‘ಆಧುನಿಕ ನಿಧಿಶೋಧ’ ಎಂದು ಬರೆಯುವುದು ಬೆಂಕಿಗೆ ತುಪ್ಪ ಹೊಯ್ದಂತೆ. ನಿಧಿ ಎಂಬ ಮಾತನ್ನು ಬಾಯಲ್ಲಿ ತರಲೇಬೇಡಿ.

ಹುಡುಕುವ ಮೊದಲೇ ಹತ್ತಿರದ ಮನೆಯಲ್ಲೋ ಅಂಗಡಿಯಲ್ಲೋ ‘ಅಣ್ಣಾ, ಇದೊಂದು ಆಟ, ಇಲ್ಲೆಲ್ಲೋ ಒಂದು ಡಬ್ಬಿ ಇಟ್ಟಿದ್ದಾರೆ, ಹೆಸರು ಬರೆದು ಹೋಗ್ತೇವೆ’ ಎಂದು ಹೇಳಿ ಫೋನು ತೋರಿಸಿ. ಗುಟ್ಟು ಕಾಪಾಡುವುದು ಆಟದ ಸೊಗಸು ನಿಜ. ಇಂಗ್ಲೆಂಡಿನ ಪೇಟೆಯಲ್ಲಿ ಷೂ ದಾರ ಕಟ್ಟುವ ಸೋಗು ಹಾಕಿ ಡಬ್ಬಿ ತೆಗೆಯುತ್ತಾರೆ. ಶಿರಸಿ ಕಡೆಯ ಹಳ್ಳಿಯಲ್ಲಿ ಆ ಸೋಗೇ ಅನುಮಾನಕ್ಕೆ ಮೂಲ. ಕತ್ತಲಾದ ಮೇಲೆ ಹೋಗಬೇಡಿ. ಚೀಲದಲ್ಲಿ ಗುದ್ದಲಿ, ಹಾರೆ, ಲೋಹಶೋಧಕ ಯಾವುದೂ ಇರಬಾರದು. ಡಬ್ಬಿ ಇಡುವವರು ಜಾಗದ ಯಜಮಾನರ ಅಥವಾ ಗ್ರಾಮ ಪಂಚಾಯ್ತಿಯ ಅನುಮತಿಯನ್ನು ಬರಹದಲ್ಲಿ ತೆಗೆದುಕೊಂಡು ಅದನ್ನು ಡಬ್ಬಿಯ ಪುಟದಲ್ಲಿ ನಮೂದಿಸಿದರೆ ಹುಡುಕುವವರಿಗೂ ಧೈರ್ಯ.

ಪ್ರಶ್ನೆ: ಡಬ್ಬಿಯಲ್ಲಿ ಸಂಖ್ಯೆ ಕೊರೆದ ಲೋಹದ ಬಿಲ್ಲೆ ಸಿಕ್ಕಿತು. ನೆನಪಿಗೆಂದು ಮನೆಗೆ ತಂದೆ. ತಪ್ಪಾಯಿತೇ?
— ಗೋಕರ್ಣ

ಉತ್ತರ: ತರಬಹುದು, ಇಟ್ಟುಕೊಳ್ಳುವಂತಿಲ್ಲ. ಅದು ಟ್ರಾವೆಲ್ ಬಗ್, ಡಬ್ಬಿಯಿಂದ ಡಬ್ಬಿಗೆ ಊರೂರು ಸುತ್ತಬೇಕಾದದ್ದು. ಸಂಖ್ಯೆಯನ್ನು ತಾಣದಲ್ಲಿ ಹಾಕಿದರೆ ಅದು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು ಎಂಬುದು ಕಾಣುತ್ತದೆ. ಕೆಲವು ವಾರದೊಳಗೆ ಮತ್ತೊಂದು ಡಬ್ಬಿಗೆ ಹಾಕಿ. ಸಂಖ್ಯೆ ಕಾಣುವಂತೆ ಫೋಟೊ ಹಂಚಬೇಡಿ, ಕಣ್ಣಾರೆ ನೋಡದವರೂ ಅದನ್ನು ಬಳಸಿ ದಾಖಲೆ ಮಾಡುತ್ತಾರೆ. ಉಳಿದ ಗೊಂಬೆ, ಕೀಚೈನುಗಳನ್ನು ಇಟ್ಟುಕೊಳ್ಳಬಹುದು. ಆದರೆ ಅಷ್ಟೇ ಬೆಲೆಯದನ್ನೋ ಹೆಚ್ಚಿನದನ್ನೋ ಬದಲಿಗೆ ಹಾಕಬೇಕು.

ಪ್ರಶ್ನೆ: ಈ ಆಟ ಶುರು ಮಾಡಿದ್ದು ಯಾರು?
— ಹೈಸ್ಕೂಲು ವಿದ್ಯಾರ್ಥಿನಿ, ಯಲ್ಲಾಪುರ

ಉತ್ತರ: ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕು ಮಾಡಿಡುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ತೆಗೆಯಿತು. ಮರುದಿನವೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಅಡಗಿಸಿ ಅದರ ಅಂಕಿಯನ್ನು ಅಂತರ್ಜಾಲದಲ್ಲಿ ಹಾಕಿದರು. ಇಂಗ್ಲೆಂಡಿನಲ್ಲಿ ಇದರ ಅಜ್ಜಿಯಂಥ ಆಟ ಇನ್ನೂ ಹಳೆಯದು. ಡಾರ್ಟ್‌ಮೂರ್ ಬಯಲಿನ ಕ್ರಾನ್‌ಮಿಯರ್ ಪೂಲ್‌ನಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ, ಅಲ್ಲಿಯತನಕ ನಡೆದು ಬಂದವರು ತಮ್ಮ ಚೀಟಿ ಹಾಕಲೆಂದು ಒಂದು ಜಾಡಿ ಇಟ್ಟಿದ್ದರು.

ಪ್ರಶ್ನೆ: ಯಾಣದಲ್ಲಿ ಡಬ್ಬಿಯಿಲ್ಲದ ‘ಅರ್ಥ್‌ಕ್ಯಾಶ್’ ಮಾಡಬಹುದೇ? ಕಾಡಿನ ಉಣುಗಿನ ಭಯವೂ ಇದೆ.
— ಭೂವಿಜ್ಞಾನದ ವಿದ್ಯಾರ್ಥಿಗಳು, ಸಿದ್ದಾಪುರ

ಉತ್ತರ: ಮಾಡಬಹುದು, ಮತ್ತು ಯಾಣಕ್ಕೆ ಅದೇ ಸರಿಯಾದ ಬಗೆ. ಅರ್ಥ್‌ಕ್ಯಾಶ್‌ನಲ್ಲಿ ಡಬ್ಬಿ, ಚೀಟಿ ಇರುವುದಿಲ್ಲ. ಬಂದವರು ಬಂಡೆ ನೋಡಿ ನಿಮ್ಮ ಪ್ರಶ್ನೆಗೆ ಉತ್ತರ ಕಳಿಸಬೇಕು. ಪ್ರಶ್ನೆ ಅಲ್ಲಿಗೆ ಹೋದವರಿಗೆ ಮಾತ್ರ ಉತ್ತರಿಸಲು ಬರುವಂತಿರಬೇಕು. ‘ಭೈರವೇಶ್ವರ ಶಿಖರದ ಎತ್ತರವೆಷ್ಟು’ ಎಂದು ಕೇಳಿದರೆ ಮನೆಯಲ್ಲೇ ಕುಳಿತು 120 ಮೀಟರ್ ಎಂದು ಬರೆಯುತ್ತಾರೆ. ಬದಲಿಗೆ ‘ಸುಣ್ಣದಕಲ್ಲಿನ ಮೈಮೇಲಿನ ಗೀರು ಲಂಬವೋ ಅಡ್ಡವೋ, ನೀರು ಹರಿದ ಕಡೆ ಬಣ್ಣ ಹೇಗೆ ಬದಲಾಗಿದೆ, ಯಾಕಿರಬಹುದು’ ಎಂದು ಕೇಳಿ. ಅರಣ್ಯ ಇಲಾಖೆಯ ಅನುಮತಿ, ದೇವಸ್ಥಾನದವರ ಒಪ್ಪಿಗೆ ಎರಡೂ ಬೇಕು.

ಉಣುಗಿನ ಭಯ ಸರಿಯಾದದ್ದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಿಮ್ಮ ತಾಲೂಕಿಗೂ ಪರಿಚಿತ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ಪ್ರಕರಣ ಬಂದಿರುವ ಕಡೆಯ ಕಾಡಿಗೆ ಹುಡುಕಲು ಹೋಗಬೇಡಿ, ನೀವು ಇಟ್ಟ ಡಬ್ಬಿ ಅಲ್ಲಿದ್ದರೆ ತಾಣದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ ಕಾರಣ ಬರೆಯಿರಿ. ಹೋಗಲೇಬೇಕಾದರೆ ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ. ಬಂದ ಕೂಡಲೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಮಳೆಗಾಲದ ಉಂಬಳ ಇದರ ಮುಂದೆ ಸಾಧು ಪ್ರಾಣಿ, ಉಪ್ಪೋ ಸುಣ್ಣವೋ ಇದ್ದರೆ ಸಾಕು.

ಪ್ರಶ್ನೆ: ಶರಾವತಿ ದಂಡೆಯ ಕಾಂಡ್ಲಾ ಗಿಡಗಳ ನಡುವೆ ಇಟ್ಟ ಡಬ್ಬಿ ಎರಡು ಸಲ ತೇಲಿ ಹೋಯಿತು. ಇಡುವಾಗ ನೀರು ನಾಲ್ಕು ಮಾರು ದೂರವಿತ್ತು.
— ಮೀನುಗಾರ ಕುಟುಂಬದವರು, ಹೊನ್ನಾವರ

ಉತ್ತರ: ನಿಮ್ಮ ಮನೆಯವರಿಗೆ ಗೊತ್ತಿರುವುದನ್ನೇ ಆಟದ ಉತ್ಸಾಹದಲ್ಲಿ ಮರೆತಿರಿ. ನೀವು ಇಟ್ಟದ್ದು ಇಳಿತದ ಹೊತ್ತಿನಲ್ಲಿ. ಭರತಿ ದಿನಕ್ಕೆರಡು ಸಲ, ಸುಮಾರು 12 ತಾಸು 25 ನಿಮಿಷಕ್ಕೊಮ್ಮೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಎಲ್ಲಕ್ಕಿಂತ ಎತ್ತರ. ಅದರ ಮೇಲೆ ಗೇರುಸೊಪ್ಪೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಇನ್ನೂ ಏರುತ್ತದೆ. ಕಾಳಿಯಲ್ಲಿ ಕದ್ರಾದಿಂದ ಬಿಟ್ಟಾಗಲೂ ಇದೇ ಕತೆ. ಇಂಗ್ಲೆಂಡಿನಲ್ಲಿ, ಲಂಡನ್ನಿನ ಟೆಡಿಂಗ್ಟನ್‌ನಿಂದ ಮೇಲಿನ ಥೇಮ್ಸ್‌ಗೆ ಭರತಿಯೇ ತಟ್ಟುವುದಿಲ್ಲ, ಗೇಟುಗಟ್ಟೆಗಳು ನೀರನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತವೆ. ಆದ್ದರಿಂದ ಅಲ್ಲಿನವರು ನೀರಂಚಿಗೇ ಡಬ್ಬಿ ಇಟ್ಟದ್ದನ್ನು ಚಿತ್ರದಲ್ಲಿ ನೋಡಿ ಇಲ್ಲಿ ಅನುಸರಿಸಲಾಗದು.

ಹುಣ್ಣಿಮೆಯ ಭರತಿ ಇಳಿದ ಮೇಲೆ ಹೋಗಿ. ದಂಡೆಯಲ್ಲಿ ಕಸಕಡ್ಡಿಯ ಗೆರೆ, ಕಾಂಡದ ಮೇಲೆ ಕೆಸರಿನ ಗುರುತು, ಬಂಡೆಗಂಟಿದ ಚಿಪ್ಪಿನ ಮೇಲಂಚು ನೋಡಿ. ಇವುಗಳಲ್ಲಿ ಅತಿ ಎತ್ತರದ್ದಕ್ಕಿಂತ ಕನಿಷ್ಠ ಒಂದು ಮೀಟರ್ ಮೇಲೆ ಜಾಗ ಹಿಡಿಯಿರಿ, ಜುಲೈ ನೆರೆಯ ಗುರುತನ್ನು ಊರ ಹಿರಿಯರಲ್ಲಿ ಕೇಳಿ. ಕಾಂಡ್ಲಾ ಕಾಡಿನೊಳಗೆ ಬೇಡ. ಬೇರು ತುಳಿದರೆ ಅಲ್ಲಿನ ಏಡಿ, ಮೀನುಮರಿಗಳಿಗೆ ತೊಂದರೆ, ಅರಣ್ಯ ಇಲಾಖೆಯೂ ಬಿಡದು. ದಂಡೆಯ ಮೇಲಿನ ನಿಮ್ಮದೇ ತೆಂಗಿನ ಬುಡ ಸಾಕು. ಡಬ್ಬಿಯ ಕಿವಿಗೆ ಬಲೆ ಹೆಣೆಯುವ ನೈಲಾನ್ ಹುರಿ ಎರಡು ಸುತ್ತು ಹಾಕಿ ಕಟ್ಟಿ, ಕಾಂಡಕ್ಕೆ ಮೊಳೆ ಹೊಡೆಯಬೇಡಿ. ಹುರಿ ಅರ್ಧ ಮಾರು ಸಡಿಲವಿರಲಿ, ಬಿಗಿಯಾಗಿ ಕಟ್ಟಿದರೆ ತೆಗೆದು ನೋಡುವವರು ಹುರಿಯನ್ನೇ ಕೊಯ್ಯುತ್ತಾರೆ.